ಗ್ರೀನ್‌ಸ್ಟೆಡ್‌ನ ಮರದ ದೇವಾಲಯ: ನಾವು ಕಾಪಾಡುವುದು ಏನನ್ನು?

ದೇವಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು, ಇಟ್ಟಿಗೆ, ಗಾರೆ, ಹೆಂಚು. ಕರಾವಳಿಯವರಿಗೆ ಕೆಂಪು ಮುರಕಲ್ಲು, ಬಯಲುಸೀಮೆಯವರಿಗೆ ಕಗ್ಗಲ್ಲು. ಮರವು ನಮ್ಮಲ್ಲಿ ಬಾಗಿಲಿಗೆ, ಪೀಠಕ್ಕೆ, ಮಾಡಿನ ತೊಲೆಗೆ ಸಲ್ಲುವ ವಸ್ತು, ಗೋಡೆಗೆ ಸಲ್ಲುವುದಲ್ಲ. ಗೆದ್ದಲು ಹಿಡಿಯುವ, ಮಳೆಗೆ ಕೊಳೆಯುವ, ಕಿಡಿ ತಾಗಿದರೆ ಉರಿದುಹೋಗುವ ಮರದಿಂದ ಗೋಡೆ ಎಬ್ಬಿಸಿ ಅದು ಒಂಬತ್ತು ಶತಮಾನ ನಿಲ್ಲುವುದೆಂದು ಯಾರಾದರೂ ಹೇಳಿದರೆ ನಮ್ಮೂರಿನ ಮೇಸ್ತ್ರಿ ನಕ್ಕುಬಿಟ್ಟಾನು. ಆದರೆ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ, ಚಿಪ್ಪಿಂಗ್ ಓಂಗರ್ ಎಂಬ ಸಣ್ಣ ಪಟ್ಟಣದಿಂದ ಮೈಲಿಯಷ್ಟು ದೂರದಲ್ಲಿರುವ ಗ್ರೀನ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಅಂಥ ಗೋಡೆ ಇಂದಿಗೂ ನಿಂತಿದೆ. ಅದು ಸಂತ ಅಂದ್ರೆಯನ ಹೆಸರಿನ ಆಂಗ್ಲಿಕನ್ ಪ್ಯಾರಿಷ್ ದೇವಾಲಯ. ಅದರೊಳಗೆ ಇಂದಿಗೂ ಆರಾಧನೆ ನಡೆಯುತ್ತದೆ.

ಕಟ್ಟಿದ ಬಗೆ ಬಹಳ ಸರಳ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಸೀಳಿದ ಚಪ್ಪಟೆ ಮೈಯನ್ನು ಒಳಗಡೆಗೂ ಮರದ ಸಹಜವಾದ ದುಂಡು ಮೈಯನ್ನು ಹೊರಗಡೆಗೂ ಇರಿಸಿ, ಒಂದರ ಪಕ್ಕದಲ್ಲಿ ಒಂದನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ದಿಮ್ಮಿಗಳ ಅಂಚಿನಲ್ಲಿ ಗಾಡಿ ಕೊರೆದು, ಎರಡರ ನಡುವೆ ಓಕ್‌ನ ತೆಳುಪಟ್ಟಿಯನ್ನು ಸೇರಿಸಿ, ಗಾಳಿಮಳೆ ನುಸುಳದಂತೆ ಬಿಗಿಮಾಡಿದ್ದಾರೆ. ಒಳಮೈಯಲ್ಲಿ ಬಾಚಿಯಿಂದ ಹೆರೆದ ಗುರುತುಗಳು ಇಂದಿಗೂ ಕಾಣುತ್ತವೆ. ಹೊರಗಿನಿಂದ ನೋಡುವವನಿಗೆ ಮರಗಳು ಸಾಲಾಗಿ ಒತ್ತೊತ್ತಿಗೆ ನಿಂತು ದೇವರ ಮನೆಯನ್ನು ಕಾಯುತ್ತಿವೆಯೋ ಎಂಬ ಭಾವನೆ ಹುಟ್ಟುತ್ತದೆ. ಬಣ್ಣದ ಗಾಜಿನ ಭವ್ಯವಾದ ಕಿಟಕಿಗಳಾಗಲಿ ಎತ್ತರದ ಕಮಾನುಗಳಾಗಲಿ ಆ ಗೋಡೆಗಳಲ್ಲಿಲ್ಲ. ನಮ್ಮ ಹಳ್ಳಿಯ ಸಣ್ಣ ಪ್ರಾರ್ಥನಾ ಮಂದಿರಗಳನ್ನು ಕಂಡವರಿಗೆ ಅದರ ಗಾತ್ರ ಅಪರಿಚಿತವೆನಿಸದು.

ಇದರ ವಯಸ್ಸಿನ ಕಥೆ ಸ್ವಾರಸ್ಯವಾಗಿದೆ. ಮರದೊಳಗಿನ ವಾರ್ಷಿಕ ಉಂಗುರಗಳಿಂದ ಅದರ ಕಾಲವನ್ನು ಕಂಡುಹಿಡಿಯುವ ವಿದ್ಯೆಯೊಂದುಂಟು. ಬೆಳವಣಿಗೆಗೆ ಒಳ್ಳೆಯ ವರ್ಷ ಬಂದರೆ ಉಂಗುರ ದಪ್ಪವಾಗುತ್ತದೆ, ಕೆಟ್ಟ ವರ್ಷ ಬಂದರೆ ತೆಳ್ಳಗಾಗುತ್ತದೆ. ಒಂದು ಸೀಮೆಯ ಮರಗಳೆಲ್ಲ ಹೀಗೆ ಒಂದೇ ಹವಾಮಾನದ ದಿನಚರಿಯನ್ನು ತಮ್ಮೊಳಗೆ ಬರೆದುಕೊಂಡಿರುತ್ತವೆ; ಆ ಸಾಲುಗಳನ್ನು ಹೋಲಿಸಿ ನೋಡಿದರೆ ವರ್ಷ ತಿಳಿಯುತ್ತದೆ. 1960ರ ಸುಮಾರಿಗೆ ನಡೆದ ಪರೀಕ್ಷೆಯಿಂದ ಈ ದಿಮ್ಮಿಗಳು ಕ್ರಿಸ್ತಶಕ 845ರ ಹೊತ್ತಿನವೆಂದು ನಂಬಲಾಗಿತ್ತು. 1990ರ ದಶಕದಲ್ಲಿ ಹೆಚ್ಚು ನಿಖರವಾದ ಪರೀಕ್ಷೆ ನಡೆದಾಗ, ಉಳಿದಿರುವ ಉಂಗುರಗಳಲ್ಲಿ ಕೊನೆಯದು 1053ರದೆಂದು ಗೊತ್ತಾಯಿತು. ತೊಗಟೆಯ ಕೆಳಗಿನ ಎಳೆಯ ಮರದ ಭಾಗ ಕಳೆದುಹೋಗಿರುವುದರಿಂದ ಅದಕ್ಕೆ ಇನ್ನು 10ರಿಂದ 55 ವರ್ಷಗಳನ್ನು ಸೇರಿಸಬೇಕು. ಅಂದರೆ ಮರ ಕಡಿದದ್ದು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಅಥವಾ ಅದು ಮುಗಿದ ಕೂಡಲೇ. ಒಂದೇ ಏಟಿಗೆ ದೇವಾಲಯದ ವಯಸ್ಸಿನಿಂದ ಎರಡು ಶತಮಾನಗಳು ಕಳೆದುಹೋದವು!

ಅದರೊಂದಿಗೆ ಒಂದು ಪ್ರಿಯವಾದ ಐತಿಹ್ಯವೂ ಸ್ವಲ್ಪ ಅಲುಗಾಡಿತು. 869ರಲ್ಲಿ ಹತನಾದ ರಾಜನೂ ರಕ್ತಸಾಕ್ಷಿಯೂ ಆದ ಸಂತ ಎಡ್ಮಂಡನ ಪಾರ್ಥಿವ ಶರೀರವನ್ನು 1013ರಲ್ಲಿ ಲಂಡನ್ನಿನಿಂದ ಬೆರಿ ಸೇಂಟ್ ಎಡ್ಮಂಡ್ಸ್‌ಗೆ ಮರಳಿ ಒಯ್ಯುವಾಗ ಈ ಮರದ ಗುಡಿಯಲ್ಲಿ ಒಂದು ರಾತ್ರಿ ಇರಿಸಿದ್ದರೆಂದು ಹೇಳುತ್ತಾ ಬಂದಿದ್ದರು. ಈಗಿನ ಗೋಡೆಗಳು ಆಗ ಇನ್ನೂ ಕಾಡಿನಲ್ಲಿ ಬೆಳೆಯುತ್ತಿದ್ದ ಮರಗಳು. ಆದರೆ ಅದೇ ಜಾಗದಲ್ಲಿ ಇದಕ್ಕೂ ಹಿಂದೆ ಮರದ ಕಟ್ಟಡಗಳಿದ್ದವೆಂಬುದಕ್ಕೆ ಉತ್ಖನನದಲ್ಲಿ ಕುರುಹು ಸಿಕ್ಕಿರುವುದರಿಂದ, ಐತಿಹ್ಯವನ್ನು ಪೂರ್ತಿಯಾಗಿ ತಳ್ಳಿಹಾಕಬೇಕಾಗಿಯೂ ಇಲ್ಲ.

ಇಷ್ಟಾದರೂ ನಿಂತಿರುವ ಮರದ ದೇವಾಲಯಗಳಲ್ಲಿ ಯೂರೋಪಿನಲ್ಲೇ ಇದು ಅತಿ ಪ್ರಾಚೀನವಾದದ್ದೆಂಬ ಹೆಸರು ಉಳಿದುಕೊಂಡಿದೆ. ಆ ಹೆಸರಿನ ಒಳಹೊಕ್ಕು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಪ್ರಾಚೀನವಾದದ್ದು ಯಾವುದು? ಸಭೆ ಕುಳಿತುಕೊಳ್ಳುವ ನಡುಭಾಗದ ಓಕ್ ಗೋಡೆಗಳು ಮಾತ್ರ. ಯಜ್ಞವೇದಿಯಿರುವ ಭಾಗ ಸುಮಾರು 1500ರ ಹೊತ್ತಿನ ಇಟ್ಟಿಗೆಯ ಕಟ್ಟಡ. ಪಶ್ಚಿಮದ ಬಿಳಿಯ ಹಲಗೆಗಳ ಗೋಪುರ ಇನ್ನೂ ಈಚಿನದು. ಅದರ ಗಂಟೆಯೊಂದರ ಮೇಲೆ 1618 ಎಂದು ಅಚ್ಚೊತ್ತಿದೆ. ಮಾಡು ಹತ್ತೊಂಬತ್ತನೆಯ ಶತಮಾನದ್ದು. ದಿಮ್ಮಿಗಳ ಬುಡವೂ ಮೂಲದಲ್ಲಿದ್ದಂತೆ ಇಲ್ಲ. ಗ್ರೀಕ್ ತತ್ತ್ವಜ್ಞಾನಿಗಳು ಹಡಗಿನ ವಿಷಯದಲ್ಲಿ ಕೇಳುತ್ತಿದ್ದ ಹಳೆಯ ಪ್ರಶ್ನೆ ಇದು: ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಹಡಗು ಅದೇ ಹಡಗಾಗಿ ಉಳಿಯುತ್ತದೆಯೇ? ಗ್ರೀನ್‌ಸ್ಟೆಡ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟೇನೂ ಕಷ್ಟವಲ್ಲ. ಸಭೆ ಕೂಡುವುದು ನಿಲ್ಲಲಿಲ್ಲವಾದ್ದರಿಂದ ದೇವಾಲಯ ಅದೇ ದೇವಾಲಯ. ಅಪೊಸ್ತಲನಾದ ಪೇತ್ರನು ವಿಶ್ವಾಸಿಗಳನ್ನೇ ಒಂದು ಮನೆಯ ಜೀವವುಳ್ಳ ಕಲ್ಲುಗಳೆಂದು ಕರೆದದ್ದನ್ನು ನೆನಪಿಗೆ ತಂದುಕೊಂಡರೆ ಈ ಉತ್ತರ ಮತ್ತಷ್ಟು ಗಟ್ಟಿಯಾಗುತ್ತದೆ. ಆದರೆ ಅಲ್ಲಿಯೇ ಎರಡನೆಯ, ಹೆಚ್ಚು ಕಠಿಣವಾದ ಪ್ರಶ್ನೆ ಕಾದು ಕುಳಿತಿದೆ. ಆ ಸಭೆಯೆಂದರೆ ಯಾರು ಯಾರು? ಪ್ರಿಯ ವಾಚಕರೇ, ಈ ಲೇಖನದ ವಿಷಯ ಅದು.

1840ರ ದಶಕದ ಹೊತ್ತಿಗೆ ಗ್ರೀನ್‌ಸ್ಟೆಡ್‌ನ ದಿಮ್ಮಿಗಳ ಬುಡ ಕೊಳೆತುಹೋಗಿತ್ತು. ಮರ ನೆಲದ ತೇವವನ್ನು ಹೀರಿಕೊಳ್ಳುವ ಜಾಗವೇ ಮೊದಲು ಹಾಳಾಗುವುದು ಸ್ವಾಭಾವಿಕ. 1848ರಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆಯಿತು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಇಟ್ಟಿಗೆಯ ಗಿಡ್ಡಗೋಡೆಯೊಂದನ್ನು ಕಟ್ಟಿ, ಅದರ ಮೇಲೆ ಹೊಸ ಓಕ್ ತೊಲೆಯನ್ನು ಮಲಗಿಸಿ, ಮೋಟಾದ ದಿಮ್ಮಿಗಳನ್ನು ಮತ್ತೆ ಅದರ ಮೇಲೆ ನಿಲ್ಲಿಸಿದರು. ಮಾಡನ್ನು ಹೊಸದಾಗಿ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರಗಳು ಅನೇಕ ಕಡೆ ಹಳೆಯದನ್ನು ಕಿತ್ತೆಸೆದು ತಮಗೆ ತೋಚಿದ ಹಳತನ್ನು ಹೊಸದಾಗಿ ಕಟ್ಟಿದವು. ಅಷ್ಟು ಹಾಳಾಗಿದ್ದ ಮರದ ಗೋಡೆಯನ್ನು ಕೆಡವಿ ಇಟ್ಟಿಗೆಯದನ್ನು ಎಬ್ಬಿಸುವುದು ಸುಲಭವೂ ಅಗ್ಗವೂ ಆಗುತ್ತಿತ್ತು. ಹಾಗೆ ಮಾಡದೆ ಉಳಿಸಿದ್ದು ದೊಡ್ಡ ಕೆಲಸವೆಂದೇ ಹೇಳಬೇಕು. ಆಗ ಅಲ್ಲಿ ಸಭಾಪಾಲಕರಾಗಿದ್ದವರು ಫಿಲಿಪ್ ರೇ.

ಆ ರೇಯವರ ಹೆಸರು ಇನ್ನೊಂದು ಚರಿತ್ರೆಯಲ್ಲಿಯೂ ಬರುತ್ತದೆ. ಅದನ್ನು ತಿಳಿಯಬೇಕಾದರೆ ಎಸೆಕ್ಸ್‌ನಿಂದ ನಾವು ಇಂಗ್ಲೆಂಡಿನ ನೈಋತ್ಯದ ಡಾರ್ಸೆಟ್ ಪ್ರಾಂತಕ್ಕೆ ಹೋಗಬೇಕು.

ಡಾರ್ಸೆಟ್‌ನ ಟಾಲ್‌ಪಡಲ್ ಎಂಬ ಹಳ್ಳಿಯಲ್ಲಿ 1830ರ ದಶಕದ ಆರಂಭದಲ್ಲಿ ಹೊಲದ ಕೂಲಿಗಳ ವಾರದ ವೇತನ ಇಳಿಯುತ್ತಾ ಇಳಿಯುತ್ತಾ 7 ಶಿಲ್ಲಿಂಗಿಗೆ ಬಂದಿತ್ತು. ಅದು 6ಕ್ಕೆ ಇಳಿಯುವುದೆಂಬ ಮಾತೂ ಕೇಳಿಬಂತು. ಮೆಥೊಡಿಸ್ಟ್ ಸಭೆಯ ಉಪದೇಶಿಯೂ ನೇಗಿಲಾಳೂ ಆಗಿದ್ದ ಜಾರ್ಜ್ ಲವ್‌ಲೆಸ್ ಕೆಲವರನ್ನು ಕೂಡಿಸಿಕೊಂಡು 1833ರಲ್ಲಿ ಕೃಷಿಕೂಲಿಗಳ ಸ್ನೇಹಸಂಘವೊಂದನ್ನು ಸ್ಥಾಪಿಸಿದನು. ಸಂಘ ಕಟ್ಟುವುದು ಆಗ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದರೆ ಸೇರುವವರು ಗುಟ್ಟಿನ ಪ್ರಮಾಣ ಮಾಡುತ್ತಿದ್ದರು. ನೌಕಾಪಡೆಯ ದಂಗೆಯನ್ನು ಹತ್ತಿಕ್ಕಲು 1797ರಲ್ಲಿ ಮಾಡಿದ್ದ ಕಾಯಿದೆಯೊಂದನ್ನು ಹುಡುಕಿ ತೆಗೆದು, ಆ ಪ್ರಮಾಣವನ್ನೇ ಅಪರಾಧವೆಂದು ಹೊರಿಸಲಾಯಿತು. 1834ರ ಮಾರ್ಚಿಯಲ್ಲಿ ಜಾರ್ಜ್ ಲವ್‌ಲೆಸ್, ಅವನ ತಮ್ಮ ಜೇಮ್ಸ್ ಲವ್‌ಲೆಸ್, ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಅವನ ಮಗ ಜಾನ್, ಜೇಮ್ಸ್ ಹ್ಯಾಮೆಟ್, ಜೇಮ್ಸ್ ಬ್ರೈನ್ ಈ ಆರು ಮಂದಿಗೆ ಏಳು ವರ್ಷಗಳ ದ್ವೀಪಾಂತರ ಶಿಕ್ಷೆಯಾಯಿತು. ಜಾರ್ಜನನ್ನು ಇಂದು ಟಾಸ್ಮೇನಿಯ ಎನ್ನುವ ದ್ವೀಪಕ್ಕೂ ಉಳಿದವರನ್ನು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೂ ಕಳುಹಿಸಿದರು. ಅದೇ 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದರು ಎಂದರೆ, ನಮ್ಮ ಸಭೆಗಳ ಚರಿತ್ರೆಯನ್ನು ಬಲ್ಲವರಿಗೆ ಕಾಲದ ಅಂದಾಜು ಸಿಕ್ಕೀತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಲವ್‌ಲೆಸ್ ತಾನು ಬರೆದ ಕಿರುಹೊತ್ತಗೆಯಲ್ಲಿ ದಾಖಲಿಸಿರುವಂತೆ, ಕೂಲಿಯ ತಕರಾರು ಮೊದಲು ಎದ್ದಾಗ ಆಳುಗಳಿಗೂ ಒಡೆಯರಿಗೂ ಒಂದು ಒಪ್ಪಂದವಾಗಿತ್ತು. ಸುತ್ತಲಿನ ಊರುಗಳಲ್ಲಿ ಕೊಡುವಷ್ಟೇ ಕೂಲಿಯನ್ನು ಇಲ್ಲಿಯೂ ಕೊಡುವುದಾಗಿ ಒಡೆಯರು ಒಪ್ಪಿದ್ದರು. ಟಾಲ್‌ಪಡಲ್‌ನ ಸಭಾಪಾಲಕರೇ ಅದಕ್ಕೆ ಸಾಕ್ಷಿಯಾಗಿ ನಿಂತಿದ್ದರು. ಒಡೆಯರು ಮಾತಿಗೆ ತಪ್ಪಿದಾಗ ಆಳುಗಳು ಸಾಕ್ಷಿಯನ್ನು ನೆಚ್ಚಿಕೊಂಡರು. ಆದರೆ ಸಭಾಪಾಲಕರು ತಾವು ಅಂಥ ಮಾತಿಗೆ ಸಾಕ್ಷಿಯಾಗಿರಲೇ ಇಲ್ಲವೆಂದುಬಿಟ್ಟರು. ಪೈರು ಕೊಯ್ದವರಿಂದ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ಧನಿಕರಿಗೆ ಎಚ್ಚರಿಕೆ ಕೊಟ್ಟಿರುವುದು ಆ ಸಭಾಪಾಲಕರು ಓದುತ್ತಿದ್ದ ಸತ್ಯವೇದದಲ್ಲಿಯೇ ಇತ್ತಲ್ಲವೇ?

ಶಿಕ್ಷೆಯ ಸುದ್ದಿ ದೇಶವನ್ನೇ ಕಲಕಿತು. 1834ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಸಾವಿರಾರು ಕೆಲಸಗಾರರು ಮೆರವಣಿಗೆ ಹೊರಟು, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದ ಮನವಿಯನ್ನು ಸರಕಾರದ ಮುಂದೆ ಒಯ್ದರು. ಎರಡು ವರ್ಷಗಳ ಒತ್ತಾಯದ ಬಳಿಕ, 1836ರ ಮಾರ್ಚಿಯಲ್ಲಿ, ಆರು ಮಂದಿಗೂ ಪೂರ್ಣ ಕ್ಷಮಾದಾನ ಸಿಕ್ಕಿತು. ಅವರು ಹಿಂದಿರುಗಿದ್ದು 1837ರಿಂದ 1839ರೊಳಗೆ. ಆದರೆ ಟಾಲ್‌ಪಡಲ್‌ನಲ್ಲಿ ಅವರಿಗೆ ಕೆಲಸ ಕೊಡುವವರಾದರೂ ಯಾರು? ದೇಶದ ಕೆಲಸಗಾರರು ಕಾಸಿಗೆ ಕಾಸು ಕೂಡಿಸಿ ಎಸೆಕ್ಸ್‌ನಲ್ಲಿ ಎರಡು ಹೊಲಮನೆಗಳನ್ನು ಅವರಿಗಾಗಿ ಗೇಣಿಗೆ ಹಿಡಿದುಕೊಟ್ಟರು. ಒಂದು ಗ್ರೀನ್‌ಸ್ಟೆಡ್‌ನಲ್ಲಿ, ಇನ್ನೊಂದು ಸಮೀಪದ ಹೈ ಲೇವರ್ ಎಂಬ ಹಳ್ಳಿಯಲ್ಲಿ.

ಹೀಗೆ ಕೂಲಿಗಳ ಕಥೆ ಓಕ್ ಗೋಡೆಯ ಬಾಗಿಲಿಗೆ ಬಂದು ನಿಂತಿತು. ಬಂದವರು ಸದ್ದಿಲ್ಲದೆ ಉಳುಮೆ ಮಾಡಿಕೊಂಡಿರಲಿಲ್ಲ. ಪ್ರತಿಯೊಬ್ಬ ವಯಸ್ಕ ಗಂಡಸಿಗೂ ಮತದಾನದ ಹಕ್ಕು ಬೇಕೆಂದು ಕೇಳುತ್ತಿದ್ದ ಚಾರ್ಟಿಸ್ಟ್ ಚಳವಳಿಯ ಶಾಖೆಯೊಂದನ್ನು ಅಲ್ಲಿ ಆರಂಭಿಸಿದರು. ಅವರ ಹೊಲಮನೆಯಲ್ಲಿ ಸಭೆಗಳು ಕೂಡತೊಡಗಿದವು. ಸುತ್ತಲಿನ ಜಮೀನ್ದಾರರು ಕೆರಳಿದರು. ಆ ಸೀಮೆಯ ಪತ್ರಿಕೆ ಇವರು ತಮಗೆ ತಕ್ಕ ಸ್ಥಾನದಲ್ಲಿ ತೆಪ್ಪಗಿರುತ್ತಿಲ್ಲವೆಂದು ಬರೆಯಿತು. ಸಭಾಪಾಲಕ ರೇಯವರೂ ವಿರೋಧಿಗಳ ಸಾಲಿನಲ್ಲಿ ಸೇರಿ, ಪ್ರಸಂಗಪೀಠದಿಂದಲೇ ಇವರನ್ನು ಖಂಡಿಸಿದರೆಂದು ಆ ಊರಿನ ಚರಿತ್ರೆ ಹೇಳುತ್ತದೆ. ಇಷ್ಟರ ನಡುವೆಯೇ, 1839ರಲ್ಲಿ, ಆರು ಮಂದಿಯಲ್ಲಿ ಕಿರಿಯನಾದ ಜೇಮ್ಸ್ ಬ್ರೈನನಿಗೂ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳಾದ ಎಲಿಜಬೆತ್‌ಳಿಗೂ ವಿವಾಹವಾಯಿತು. ನಡೆದದ್ದು ಗ್ರೀನ್‌ಸ್ಟೆಡ್‌ನ ಅದೇ ಮರದ ದೇವಾಲಯದಲ್ಲಿ.

ಈ ವಿವಾಹದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. 1837ರಿಂದ ಜಾರಿಗೆ ಬಂದಿದ್ದ ಕಾಯಿದೆಯ ಪ್ರಕಾರ, ಆಂಗ್ಲಿಕನ್ ಸಭೆಗೆ ಸೇರದವರು ತಮ್ಮ ಪ್ರಾರ್ಥನಾಲಯಗಳಲ್ಲಾಗಲಿ ಸರಕಾರಿ ನೋಂದಣಿ ಅಧಿಕಾರಿಯ ಮುಂದಾಗಲಿ ಮದುವೆಯಾಗಬಹುದಾಗಿತ್ತು. ಈ ಜೋಡಿಯ ಮದುವೆ ಪ್ಯಾರಿಷ್ ದೇವಾಲಯದಲ್ಲೇ ನಡೆಯಿತು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಸದಸ್ಯತ್ವದ ಪಟ್ಟಿಯಲ್ಲ, ಅದೊಂದು ಎಲ್ಲೆ. ಆ ಎಲ್ಲೆಯೊಳಗೆ ವಾಸಿಸುವವನು ಒಡೆಯನಾಗಲಿ, ಕೂಲಿಯಾಗಲಿ, ದ್ವೀಪಾಂತರದಿಂದ ಬಂದವನಾಗಲಿ, ಆ ದೇವಾಲಯದಲ್ಲಿ ವಿವಾಹವಾಗುವ ಹಕ್ಕುಳ್ಳವನು. ಸಭಾಪಾಲಕರ ಮೆಚ್ಚುಗೆ ಅದಕ್ಕೆ ಬೇಕಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು, ತೆರೆದದ್ದು ಕಾನೂನು. ಸ್ವಾಗತವೆಂಬುದು ಬೇರೆ. ಹಕ್ಕಿಗೂ ಸ್ವಾಗತಕ್ಕೂ ನಡುವೆ ಇರುವ ಈ ಅಂತರವನ್ನು ನಮ್ಮಲ್ಲಿ ಅನೇಕರು ಅನುಭವದಿಂದ ಬಲ್ಲರು. ವರ್ಗವಾಗಿ ಬಂದ ಊರಿನಲ್ಲಿ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು, ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ ಎಂದು ಮನೆಗೆ ಬಂದು ಹೇಳಿದ ಕುಟುಂಬಗಳು ಎಷ್ಟಿಲ್ಲ?

ಈಗ ನಮ್ಮ ಪ್ರಶ್ನೆಗೆ ಬರೋಣ. ಕೊಳೆಯುತ್ತಿದ್ದ ದಿಮ್ಮಿಗಳಿಗೆ ಹೊಸ ಬುಡ ಸಿಕ್ಕಿದ್ದು ಯಾರ ಪಾಲನೆಯ ಕಾಲದಲ್ಲೋ, ಅವರೇ ಆ ದಿಮ್ಮಿಗಳ ನಡುವೆ ನಿಂತು ದುರ್ಬಲರನ್ನು ಖಂಡಿಸಿದವರು. ಇದನ್ನು ಹೇಗೆ ತೂಗಬೇಕು?

ಒಂದು ಉತ್ತರ ಲೆಕ್ಕಪತ್ರದ್ದು. ತಪ್ಪು ಒಂದು ಕಡೆ, ಒಪ್ಪು ಇನ್ನೊಂದು ಕಡೆ. ಕಳೆದರೆ ಒಪ್ಪೇ ಮಿಗುತ್ತದೆ ಎನ್ನುವುದು. ಕೂಲಿಗಳು ಕೆಲವು ವರ್ಷವಿದ್ದು ಹೋದರು, ದೇವಾಲಯವಾದರೋ ಶತಮಾನಗಳವರೆಗೆ ಉಳಿಯಿತು ಎಂಬ ವಾದ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಮರಕ್ಕೆ ಮಾಡಿದ ಉಪಕಾರ ಮನುಷ್ಯನಿಗೆ ಸಲ್ಲಬೇಕಾದ ಸಾಲವನ್ನು ತೀರಿಸಲಾರದು, ಸಾಲಗಾರನೇ ಬೇರೆ. ಜಕ್ಕಾಯನು ತಾನು ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡನೋ ಅವರಿಗೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ಸಭಾಮಂದಿರಕ್ಕೆ ಹೊಸ ಮಾಡು ಹಾಕಿಸುವೆನೆಂದು ಹೇಳಲಿಲ್ಲ.

ಇನ್ನೊಂದು ಉತ್ತರ ಕೋಪದ್ದು. ಮರವನ್ನು ಪ್ರೀತಿಸಿ ಮನುಷ್ಯನನ್ನು ದೂಡಿದವನು ಕಪಟಿ, ಅವನ ಜೀರ್ಣೋದ್ಧಾರವೂ ಕಪಟವೇ ಎನ್ನುವುದು. ಇದೂ ಅವಸರದ ತೀರ್ಪೆಂದು ನನಗನಿಸುತ್ತದೆ. ರೇಯವರ ಕಾಲದ ಗ್ರಾಮಾಂತರ ಪಾದ್ರಿಗೆ ಚಾರ್ಟಿಸ್ಟರೆಂದರೆ ಫ್ರಾನ್ಸಿನ ಕ್ರಾಂತಿಯ ನೆನಪು. 1830ರಲ್ಲಿ ಇಂಗ್ಲೆಂಡಿನ ದಕ್ಷಿಣದ ಹಳ್ಳಿಗಳಲ್ಲಿ ಕೂಲಿಗಳು ದಂಗೆಯೆದ್ದು ಬಣವೆಗಳಿಗೆ ಬೆಂಕಿಯಿಟ್ಟದ್ದನ್ನೂ ಒಕ್ಕಣೆಯ ಯಂತ್ರಗಳನ್ನು ಒಡೆದದ್ದನ್ನೂ ಆಗಿನವರು ಮರೆತಿರಲಿಲ್ಲ. ಶಿಕ್ಷೆಯಾಗಿ ಹಿಂದಿರುಗಿದವರು ತನ್ನ ಪ್ಯಾರಿಷಿನಲ್ಲಿ ಸಭೆ ಕೂಡಿಸುವುದನ್ನು ಕಂಡಾಗ, ತಾನು ಕಾಯಬೇಕಾದದ್ದು ಕುಸಿಯುತ್ತಿದೆಯೆಂದು ಅಂಥವನಿಗೆ ನಿಜವಾಗಿ ಅನಿಸಿದ್ದರೆ ಆಶ್ಚರ್ಯವಿಲ್ಲ. ದಿಮ್ಮಿಯ ಕೊಳೆತವನ್ನು ಕಂಡಾಗಲೂ ಅನಿಸುವುದು ಅದೇ. ಎರಡೂ ಕಡೆ ಒಂದೇ ಕೈ ಕೆಲಸ ಮಾಡುತ್ತದೆ: ಇದ್ದದ್ದು ಇದ್ದಂತೆ ಉಳಿಯಬೇಕು ಎಂಬ ಪ್ರೀತಿಯ ಕೈ. ಅದನ್ನು ಕಪಟವೆಂದರೆ ನಮಗೆ ನೆಮ್ಮದಿ, ಏಕೆಂದರೆ ನಾವು ಕಪಟಿಗಳಲ್ಲವಲ್ಲ! ಆದರೆ ಅದು ಪ್ರಾಮಾಣಿಕವಾದ ಪ್ರೀತಿಯೇ ಆಗಿದ್ದರೆ, ಅದೇ ಪ್ರೀತಿ ಒಂದು ಕಡೆ ಕಾಪಾಡಿ ಇನ್ನೊಂದು ಕಡೆ ಗಾಯಗೊಳಿಸಬಲ್ಲುದಾದರೆ, ಪ್ರಶ್ನೆ ನಮ್ಮ ಮನೆಯೊಳಗೂ ಬರುತ್ತದೆ.

ಹಳೆಯ ಮರವನ್ನು ಪ್ರೀತಿಸುವುದು ಮನುಷ್ಯನನ್ನು ಪ್ರೀತಿಸುವುದಕ್ಕಿಂತ ಸುಲಭ. ದಿಮ್ಮಿ ಎದುರುತ್ತರ ಕೊಡುವುದಿಲ್ಲ. ಕೂಲಿ ಹೆಚ್ಚಿಸು ಎನ್ನುವುದಿಲ್ಲ. ಮತದ ಹಕ್ಕು ಕೇಳುವುದಿಲ್ಲ. ನಾವು ಎಲ್ಲಿ ನಿಲ್ಲಿಸಿದೆವೋ ಅಲ್ಲಿ ನಿಲ್ಲುತ್ತದೆ, ಆಮೇಲೆ ನಮ್ಮ ಹೆಸರನ್ನೂ ಉಳಿಸುತ್ತದೆ. ನಮ್ಮ ಸಭೆಗಳಲ್ಲಿ ಜೀರ್ಣೋದ್ಧಾರದ ಸಮಿತಿಗೆ ಸದಸ್ಯರು ಸಿಗುವಷ್ಟು ಸುಲಭವಾಗಿ ರೋಗಿಗಳ ಭೇಟಿಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಹಾಗೆಂದು ಕಟ್ಟಡದ ಕಾಳಜಿಯೇ ವ್ಯರ್ಥವೆನ್ನುವ ಉಪದೇಶವನ್ನೂ ನಾನು ನಂಬುವುದಿಲ್ಲ. ಹಿರಿಯರು ಕಟ್ಟಿದ್ದನ್ನು ಸೋರಲು ಬಿಡುವುದರಲ್ಲಿ ಭಕ್ತಿಯೇನೂ ಇಲ್ಲ.

ಆ ದೇವಾಲಯದ ಉತ್ತರದ ಗೋಡೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಒಳಗೆ ಬರಲು ಅಪ್ಪಣೆಯಿಲ್ಲದ ಕುಷ್ಠರೋಗಿಗಳು ಹೊರಗೆ ನಿಂತು ಅದರ ಮೂಲಕ ಆರಾಧನೆಯನ್ನು ನೋಡುತ್ತಿದ್ದರೆಂದು ಬಹುಕಾಲದಿಂದ ಹೇಳುತ್ತಾರೆ. ತಿಳಿದವರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಹಳೆಯ ಬಾಗಿಲ ಬಳಿ ಪವಿತ್ರಜಲವನ್ನಿಡುತ್ತಿದ್ದ ಗೂಡು ಅದಾಗಿರಬಹುದೆನ್ನುತ್ತಾರೆ. ಕುಷ್ಠರೋಗಿಯ ಕಥೆ ಇಷ್ಟು ಗಟ್ಟಿಯಾಗಿ ಉಳಿದದ್ದೇಕೆ? ನನ್ನ ಅಭಿಪ್ರಾಯದಲ್ಲಿ, ಮಧ್ಯಯುಗದವರು ಹೊರಗಿಟ್ಟವರ ಬಗ್ಗೆ ಮರುಗುವುದರಿಂದ ನಮಗೆ ಏನೂ ನಷ್ಟವಿಲ್ಲ. ಹೊರಗಿಟ್ಟವರೂ ಹೊರಗಿದ್ದವರೂ ಮಣ್ಣಾಗಿದ್ದಾರೆ. ಆದರೆ 1839ರಲ್ಲಿ ಒಳಗೇ ನಿಂತಿದ್ದು, ಆದರೂ ಹೊರಗಿನವರಾಗಿದ್ದ ಕುಟುಂಬಗಳ ಕಥೆಗೆ ಗೋಡೆಯಲ್ಲಿ ಯಾವ ಕಿಂಡಿಯೂ ಇಲ್ಲ.

ಸ್ಟ್ಯಾಂಡ್‌ಫೀಲ್ಡ್ ಮನೆಯವರು ಉಳುಮೆ ಮಾಡುತ್ತಿದ್ದ ಹೈ ಲೇವರ್‌ನ ಬಗ್ಗೆಯೂ ಒಂದು ಮಾತು. ಅಲ್ಲಿಯ ದೇವಾಲಯದ ಅಂಗಳದಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ನ ಸಮಾಧಿಯಿದೆ. ತನ್ನ ಕೊನೆಯ ವರ್ಷಗಳನ್ನು ಆ ಹಳ್ಳಿಯಲ್ಲಿ ಸ್ನೇಹಿತರ ಮನೆಯಲ್ಲಿ ಕಳೆದು 1704ರಲ್ಲಿ ಅವನು ತೀರಿಕೊಂಡನು. ಧಾರ್ಮಿಕ ಸಹಿಷ್ಣುತೆಯನ್ನು ಕುರಿತ ಅವನ ಪತ್ರ 1689ರಲ್ಲಿ ಪ್ರಕಟವಾಯಿತು. ವಿಶ್ವಾಸವನ್ನು ಬಲಾತ್ಕಾರದಿಂದ ಹುಟ್ಟಿಸಲಾಗದು, ಭಿನ್ನವಾಗಿ ಆರಾಧಿಸುವವರನ್ನು ಅಧಿಕಾರ ತೊಂದರೆಪಡಿಸಬಾರದು ಎಂಬುದು ಅದರ ವಾದ. ಮೆಥೊಡಿಸ್ಟ್ ಕೂಲಿಯೊಬ್ಬನು ಅವನ ಸಮಾಧಿಯಿದ್ದ ಹಳ್ಳಿಯಲ್ಲಿ ನೇಗಿಲು ಹಿಡಿದದ್ದು ಯೋಗಾಯೋಗವಷ್ಟೇ. ಆದರೂ ಲಾಕ್‌ನ ಸಹಿಷ್ಣುತೆಯ ಮಿತಿ ಇಲ್ಲಿ ಎದ್ದುಕಾಣುತ್ತದೆ. ಸಹಿಸುವುದೆಂದರೆ ತೊಂದರೆ ಕೊಡದಿರುವುದು. ಅಷ್ಟನ್ನು ರಾಜ್ಯದಿಂದ ಕೇಳಬಹುದು, ಕೇಳಬೇಕು ಕೂಡ. ಪಂಕ್ತಿಯಲ್ಲಿ ಜಾಗ ಮಾಡಿಕೊಡುವುದನ್ನು ಕೇಳಬೇಕಾದದ್ದು ಸಭೆಯಿಂದ.

ದಕ್ಷಿಣ ಭಾರತದ ನಮಗೆ ಇದರಲ್ಲಿ ಸ್ವಂತ ಪಾಲೂ ಇದೆ. ಪ್ರಸಂಗಪೀಠದಲ್ಲಿದ್ದ ಆಂಗ್ಲಿಕನ್ನರೂ ಹೊಲಮನೆಯಲ್ಲಿದ್ದ ಮೆಥೊಡಿಸ್ಟರೂ ನಮ್ಮಲ್ಲಿ 1947ರ ಸೆಪ್ಟೆಂಬರ್ 27ರಂದು ಒಂದೇ ಸಭೆಯಾದರು. ಇಂಗ್ಲೆಂಡಿನಲ್ಲಿ ಅದು ಕೈಗೂಡಲಿಲ್ಲ. ಒಂದಾಗುವ ಯೋಜನೆ 1972ರಲ್ಲಿ ಬಿದ್ದುಹೋಗಿ, 2003ರಲ್ಲಿ ಎರಡೂ ಸಭೆಗಳು ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಹಾಗಾಗಿ ದಕ್ಷಿಣ ಭಾರತ ಸಭೆಯವನೊಬ್ಬನು ಗ್ರೀನ್‌ಸ್ಟೆಡ್‌ನ ಕಥೆಯನ್ನು ಓದುವಾಗ ತಾನು ಯಾರ ಕಡೆ ಕುಳಿತುಕೊಳ್ಳಬೇಕೆಂದು ಆರಿಸಿಕೊಳ್ಳುವಂತಿಲ್ಲ. ರೇಯವರೂ ನಮ್ಮ ಪೂರ್ವಿಕರು, ಲವ್‌ಲೆಸನೂ ನಮ್ಮ ಪೂರ್ವಿಕನು. ಈ ವಿಚಿತ್ರವಾದ ಆಸ್ತಿಯನ್ನು ನಾವು ಬೇಕಾದಷ್ಟು ಉಪಯೋಗಿಸಿಕೊಂಡಿಲ್ಲವೆಂದು ನನಗೆ ತೋರುತ್ತದೆ.

ಪ್ರವಾದಿ ಹಬಕ್ಕೂಕನು ಅನ್ಯಾಯದ ಲಾಭದಿಂದ ಮನೆ ಕಟ್ಟಿಕೊಂಡವನನ್ನು ಕುರಿತು ಹೇಳುವಾಗ, ಗೋಡೆಯ ಕಲ್ಲು ಕೂಗಿಕೊಳ್ಳುವುದನ್ನೂ ಮರದ ತೊಲೆ ಅದಕ್ಕೆ ಮಾರುತ್ತರ ಕೊಡುವುದನ್ನೂ ಕಲ್ಪಿಸುತ್ತಾನೆ. ಗ್ರೀನ್‌ಸ್ಟೆಡ್‌ನಲ್ಲಿ ಅನ್ಯಾಯದ ಲಾಭವೇನೂ ಗೋಡೆಗೆ ಸೇರಿಲ್ಲ. ಆ ಮಾತು ಅಲ್ಲಿಗೆ ಪೂರ್ತಿಯಾಗಿ ಅನ್ವಯಿಸದು. ಆದರೆ ಕಟ್ಟಡವೊಂದು ತನ್ನೊಳಗೆ ನಡೆದುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆಂಬ ಪ್ರವಾದಿಯ ಕಾಣ್ಕೆ ಅನ್ವಯಿಸುತ್ತದೆ. 1839ರಲ್ಲಿ ಬ್ರೈನ್ ಮತ್ತು ಎಲಿಜಬೆತ್ ನಿಂತಾಗ ತಲೆಯ ಮೇಲಿದ್ದ ಮಾಡು ಇಂದಿಲ್ಲ. ದಿಮ್ಮಿಗಳ ಕೊಳೆತ ಬುಡವೂ ಇಲ್ಲ. ದಿಮ್ಮಿಗಳಿವೆ. ಪ್ರಸಂಗಪೀಠದ ಖಂಡನೆಯನ್ನೂ ವಧೂವರರ ವಾಗ್ದಾನವನ್ನೂ ಅವು ಒಟ್ಟಿಗೆ ಕೇಳಿಸಿಕೊಂಡವು. ಅವುಗಳನ್ನು ನಮ್ಮ ಕಾಲದವರೆಗೆ ತಂದು ಮುಟ್ಟಿಸಿದ್ದು ಖಂಡಿಸಿದವರ ಕಾಲದ ಜೀರ್ಣೋದ್ಧಾರವೇ. ತನಗೆ ಬೇಡವಾಗಿದ್ದವರ ಸಾಕ್ಷಿಯನ್ನೂ ರೇಯವರು ತಮಗೆ ತಿಳಿಯದೆಯೇ ಕಾಪಾಡಿಕೊಟ್ಟರು. ಇಂದು ಆ ದೇವಾಲಯದ ಕಥೆ ಹೇಳುವವರು ಸಂತ ಎಡ್ಮಂಡನನ್ನು ನೆನೆಯುವಂತೆಯೇ ಬ್ರೈನನ ವಿವಾಹವನ್ನೂ ನೆನೆಯುತ್ತಾರೆ.

ಆದರೆ ಜೀರ್ಣೋದ್ಧಾರದ ಕೆಲಸ ನಡೆದಾಗ ಅದನ್ನು ನೋಡಲು ಆ ಕುಟುಂಬಗಳು ಅಲ್ಲಿರಲಿಲ್ಲ. 1844ರಿಂದ 1846ರೊಳಗೆ ಐವರೂ ತಮ್ಮ ಹೆಂಡಿರು ಮಕ್ಕಳೊಡನೆ ಕೆನಡಕ್ಕೆ ವಲಸೆ ಹೋಗಿ, ಒಂಟಾರಿಯೋದ ಲಂಡನ್ ಎಂಬ ಪಟ್ಟಣದ ಸುತ್ತಮುತ್ತ ನೆಲೆಸಿದರು. ಹ್ಯಾಮೆಟ್ ಒಬ್ಬನೇ ಟಾಲ್‌ಪಡಲ್‌ಗೆ ಹಿಂದಿರುಗಿ, 1891ರಲ್ಲಿ ಡಾರ್ಚೆಸ್ಟರ್‌ನ ಬಡವರ ಆಶ್ರಯಾಲಯದಲ್ಲಿ ಕಣ್ಣುಮುಚ್ಚಿದನು. ಕೆನಡಕ್ಕೆ ಹೋದವರು ತಮ್ಮ ಹಿಂದಿನ ಕಥೆಯನ್ನು ಹೊಸ ನೆರೆಹೊರೆಯವರಿಗೆ ಹೇಳಿಕೊಳ್ಳಲಿಲ್ಲ. ಕಾಡು ಕಡಿದು ಹೊಲ ಮಾಡಿಕೊಂಡರು. ಜಾರ್ಜ್ ಲವ್‌ಲೆಸ್ ಅಲ್ಲಿಯ ಸೈಲೋಮ್ ಎಂಬ ಹಳ್ಳಿಯಲ್ಲಿ ಮೆಥೊಡಿಸ್ಟ್ ದೇವಾಲಯವೊಂದನ್ನು ಕಟ್ಟುವುದಕ್ಕೆ ಕೈಜೋಡಿಸಿದನು. 1874ರಲ್ಲಿ ಅವನು ತೀರಿಕೊಂಡಾಗ ಅವನನ್ನು ಅಲ್ಲಿಯ ಸ್ಮಶಾನದಲ್ಲೇ ಮಣ್ಣುಮಾಡಿದರು.